ಖಾಲಿ ಗಡಿಗೆಯ ಮೇಲಿನ ಹೆಸರು

ಮೊನ್ನೆ ಭಾನುವಾರ ಹಳೆಯ ಆಲ್ಬಮ್ ಬಿಚ್ಚಿಕೊಂಡು ಕೂತಿದ್ದೆ. ದೇವರಾಜ ಅರಸು ಬಡಾವಣೆಯ ಈ ಮನೆಗೆ ಬಂದಾಗ ಸಾಮಾನಿನ ಜೊತೆ ಕಟ್ಟಿ ತಂದ ರಟ್ಟಿನ ಡಬ್ಬಿಯಲ್ಲೇ ಅದು ಇಷ್ಟು ವರ್ಷ ಉಳಿದಿತ್ತು. ಮೊಮ್ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಹಾಳೆ ತಿರುವುತ್ತಿದ್ದಳು. ನಮ್ಮ ಶಾಲೆಯ ಊಟಿ ಪ್ರವಾಸದ ಫೋಟೊ ಬಂತು. ಯಾರ್ಯಾರದೋ ಸ್ವೆಟರ್ ಕೇಳಿ ತಂದು ಹಾಕಿಕೊಂಡ ಹುಡುಗರು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡ ಮೇಷ್ಟ್ರು, ಎಲ್ಲರ ಹಿಂದೆ ಹಂತ ಹಂತವಾಗಿ ಮೇಲೇರಿದ ಒಂದು ಚಿತ್ತಾರದ ಕಾರಂಜಿ.

"ಅಜ್ಜಾ, ಇದನ್ನ ಯಾರು ಕಟ್ಟಿಸಿದ್ದು?" ಎಂದಳು.

ಉತ್ತರ ಬಾಯಿಗೆ ಬರಲಿಲ್ಲ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೇನೆ. ಮದುವೆಯಾದ ಮೇಲೆ ಮತ್ತೊಮ್ಮೆ ಹೋಗಿ ಅಲ್ಲೇ ನಿಂತಿದ್ದೇನೆ. ಬಸ್ ತಪ್ಪಿಸಿಕೊಂಡವರು ಬಂದು ಸೇರಬೇಕಾದ ಜಾಗ ಎಂದು ಮೇಷ್ಟ್ರು ಹೇಳಿದ್ದು ನೆನಪಿದೆ. ಅದು ಒಬ್ಬ ಮನುಷ್ಯನ ನೆನಪಿಗೆ ಕಟ್ಟಿದ್ದು ಎನ್ನುವುದು ಆಗ ತಿಳಿದಿರಲಿಲ್ಲ, ತಿಳಿಯಬೇಕು ಎಂದೂ ಅನ್ನಿಸಿರಲಿಲ್ಲ.

ಊಟಿಯ ಚೇರಿಂಗ್ ಕ್ರಾಸ್‌ನಲ್ಲಿರುವ ಅದರ ಹೆಸರು ಆಡಮ್ಸ್ ಫೌಂಟನ್. ವಿಲಿಯಂ ಪ್ಯಾಟ್ರಿಕ್ ಆಡಮ್ 1880ರ ಡಿಸೆಂಬರಿನಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿ ಬಂದರು. ಐದು ತಿಂಗಳು ಕಳೆಯುತ್ತಿದ್ದಂತೆ, 1881ರ ಮೇ 24ರಂದು, ಊಟಿಯಲ್ಲೇ ತೀರಿಕೊಂಡರು. ಅವರ ನೆನಪಿಗೆಂದು ಸಾರ್ವಜನಿಕರಿಂದ ಹಣ ಕೂಡಿಸಿ 1886ರಲ್ಲಿ ಈ ಕಾರಂಜಿ ಕಟ್ಟಿಸಿದರು. ಮೊದಲು ಅದು ನಿಂತದ್ದು ಊಟಿಯ ಸಸ್ಯೋದ್ಯಾನದಲ್ಲಿ. 1898ರಲ್ಲಿ ಅದನ್ನು ಈಗಿನ ಚೌಕಕ್ಕೆ ತಂದು ನಿಲ್ಲಿಸಿದರು. ಹೂಗಿಡಗಳ ನಡುವೆ ತಣ್ಣಗಿದ್ದದ್ದು ನಾಲ್ಕು ದಾರಿ ಕೂಡುವಲ್ಲಿಗೆ ಬಂತು, ಊರಿನ ಗುರುತೇ ಆಯಿತು. ಇಂದು ಮೈಸೂರು ದಾರಿ ಹಿಡಿದು ಘಾಟಿ ಹತ್ತಿ ಹೋಗುವ ಕನ್ನಡಿಗರಿಗೆಲ್ಲ ಆ ಕಾರಂಜಿ ಗೊತ್ತು. ಆಡಮ್ ಎಷ್ಟು ಜನಕ್ಕೆ ಗೊತ್ತು?

ಗೊತ್ತಿಲ್ಲದಿದ್ದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ಐದು ತಿಂಗಳು ಆಳಿದ ಪರದೇಶದ ಗವರ್ನರನ ನೆನಪು ನಮಗೇಕೆ ಎನ್ನುವ ಮಾತಿನಲ್ಲೂ ನ್ಯಾಯವಿದೆ. ಆಳಿದವರನ್ನು ನಾವು ಪೂಜಿಸಬೇಕಿಲ್ಲ. ಆದರೆ ಅಂದು ಆ ಊರಿನವರ ಮುಂದೆ ಹಲವು ದಾರಿಗಳಿದ್ದವು. ಕಂಚಿನ ಪ್ರತಿಮೆ ನಿಲ್ಲಿಸಬಹುದಿತ್ತು, ಅಮೃತಶಿಲೆಯ ಫಲಕ ಹಾಕಿಸಬಹುದಿತ್ತು. ಅವರು ನೀರನ್ನು ಆರಿಸಿಕೊಂಡರು. ಸತ್ತವರ ಹೆಸರಿನಲ್ಲಿ ಬದುಕಿರುವವರ ಮುಂದೆ ನೀರು ಹರಿಸುವುದು ಎಂಬ ಆ ಯೋಚನೆ ಬ್ರಿಟಿಷರದಷ್ಟೇ ಅಲ್ಲ. ನಮ್ಮ ನೆಲದಲ್ಲಿ ಅದಕ್ಕೆ ತುಂಬ ಹಳೆಯ ಬೇರಿದೆ. ಆ ಬೇರು ಕಂಡರೆ ಕಾರಂಜಿಯ ಬೆಲೆಯೂ ಬೇರೆಯಾಗಿ ಕಾಣುತ್ತದೆ.

ಶ್ರವಣಬೆಳಗೊಳದ ಶಾಸನಗಳಲ್ಲಿ 'ಪರೋಕ್ಷವಿನಯ' ಎಂಬ ಮಾತು ಬರುತ್ತದೆ. ಗುರುಗಳೋ ಹೆತ್ತವರೋ ಕಣ್ಮರೆಯಾದ ಮೇಲೆ ಅವರಿಗೆ ಸಲ್ಲಿಸುವ ಗೌರವ ಅದು. ಎದುರಿಗಿದ್ದಾಗ ಕೈ ಮುಗಿಯುವುದು ಸುಲಭ. ಎದುರಿಗಿಲ್ಲದವರಿಗೆ ತೋರುವ ವಿನಯಕ್ಕೊಂದು ಹೆಸರಿಟ್ಟ ಭಾಷೆ ನಮ್ಮದು. ಕೆರೆ ಕಟ್ಟಿಸಿದ್ದು, ಬಾವಿ ತೋಡಿಸಿದ್ದು, ದಾರಿಯಲ್ಲಿ ಅರವಟಿಗೆ ನಡೆಯಲೆಂದು ದಾನ ಬಿಟ್ಟದ್ದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಾಯಾರಿದವರಿಗೆ ನೀರು ಕೊಟ್ಟ ಪುಣ್ಯ ತನಗೋ ತನ್ನವರಿಗೋ ಸೇರಲಿ ಎನ್ನುವುದು ಅದರ ಹಿಂದಿನ ಆಸೆ.

ಅರವಟಿಗೆ ಎಂದರೆ ನನಗೆ ನೆನಪಾಗುವುದು ನಮ್ಮ ಅಮ್ಮ. ಅಪ್ಪ ತೀರಿಕೊಂಡ ಮರುವರ್ಷದ ಬೇಸಿಗೆ. ದಾವಣಗೆರೆಯ ಏಪ್ರಿಲ್ ಬಿಸಿಲನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಹತ್ತು ಗಂಟೆಗೆಲ್ಲ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ. ಆಗ ನಾವಿದ್ದ ಬೀದಿಯ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಅಮ್ಮ ಎರಡು ದೊಡ್ಡ ಗಡಿಗೆ ಇಡಿಸಿದಳು. ಅಡಿಗೆ ಮರಳು ಹಾಸಿ, ಸುತ್ತ ಒದ್ದೆ ಗೋಣಿತಾಟು ಸುತ್ತಿ, ಬಾಯಿಗೆ ತಟ್ಟೆ ಮುಚ್ಚಿ, ಸ್ಟೀಲ್ ಲೋಟವನ್ನು ಸರಪಳಿಯಿಂದ ಮರಕ್ಕೆ ಕಟ್ಟಿದ್ದಾಯಿತು. ನಾನು ಪೇಂಟರ್ ಹತ್ತಿರ ಹೋಗಿ ಒಂದು ತಗಡಿನ ಬೋರ್ಡು ಬರೆಸಿಕೊಂಡು ಬಂದೆ. ಮೇಲೆ ಅಪ್ಪನ ಹೆಸರು, ಕೆಳಗೆ 'ಇವರ ಸ್ಮರಣಾರ್ಥ'. ಗಡಿಗೆಗಳ ಮೇಲೆ ಮರಕ್ಕೆ ತೂಗುಹಾಕಿದೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ನೋಡುತ್ತೇನೆ, ಬೋರ್ಡು ಹಿಂದುಮುಂದಾಗಿತ್ತು. ಬರಹ ಮರದ ಕಡೆ, ಖಾಲಿ ತಗಡು ರಸ್ತೆಯ ಕಡೆ. ಗಾಳಿಗೆ ತಿರುಗಿರಬೇಕು ಎಂದು ಸರಿಮಾಡಲು ಹೋದೆ. ಅಮ್ಮ ಬಾಗಿಲಲ್ಲಿ ನಿಂತು ಕೂಗಿದಳು: "ಅದನ್ನ ಮುಟ್ಟಬ್ಯಾಡಪ್ಪ. ನೀರು ಮುಗದೈತಿ, ಇನ್ನೂ ತುಂಬಿಸಿಲ್ಲ. ಖಾಲಿ ಗಡಿಗೆ ಮ್ಯಾಲೆ ಅವರ ಹೆಸರು ಇರಬಾರ್ದು."

ಅಂದು ನಲ್ಲಿಯಲ್ಲಿ ನೀರು ಬಿಡುವ ದಿನವಾಗಿರಲಿಲ್ಲ. ಪಕ್ಕದ ಮನೆಯ ಬಾವಿಯಿಂದ ನಾಲ್ಕು ಕೊಡ ಸೇದಿ ತಂದು, ಬಿಳಿ ಬಟ್ಟೆಯಲ್ಲಿ ಸೋಸಿ ಗಡಿಗೆ ತುಂಬಿದೆವು. ಆಮೇಲೆ ಅಮ್ಮನೇ ಹೋಗಿ ಬೋರ್ಡು ತಿರುಗಿಸಿದಳು. ಆ ಎರಡು ತಿಂಗಳು ಅದೇ ಅವಳ ಕಟ್ಟಳೆ. ನೀರಿದ್ದರೆ ಹೆಸರು ರಸ್ತೆಗೆ, ಇಲ್ಲದಿದ್ದರೆ ಮರಕ್ಕೆ.

ಪರಂಪರೆಯ ಸ್ಮಾರಕಗಳ ಬಗ್ಗೆ ಓದುವಾಗಲೆಲ್ಲ ನನಗೆ ಆ ತಗಡಿನ ಬೋರ್ಡು ಕಣ್ಣಿಗೆ ಬರುತ್ತದೆ. ನೀರಿನ ಸ್ಮಾರಕಕ್ಕೂ ಉಳಿದ ಸ್ಮಾರಕಕ್ಕೂ ಇರುವ ವ್ಯತ್ಯಾಸ ಅಮ್ಮನಿಗೆ ಗೊತ್ತಿತ್ತು. ಪ್ರತಿಮೆ ಸುಮ್ಮನೆ ನಿಂತರೆ ಸಾಕು, ಅದರ ಕೆಲಸ ಮುಗಿಯಿತು. ಕಾರಂಜಿ, ಬಾವಿ, ಪುಷ್ಕರಣಿ ದಿನವೂ ದುಡಿಯಬೇಕು. ಕೊಡುವುದನ್ನು ನಿಲ್ಲಿಸಿದ ದಿನ ಅದರ ಮೇಲಿನ ಹೆಸರು ಭಾರವಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ. ಊರಿನ ಒಳಗೆ ನಡೆದು ಹೋಗುವಾಗ ಇಂಥದ್ದೊಂದು ಇಲ್ಲಿದೆ ಎಂಬ ಸುಳಿವೇ ಸಿಗುವುದಿಲ್ಲ. ಆವರಣ ದಾಟಿ ಒಳಗೆ ಕಾಲಿಟ್ಟರೆ ನೆಲ ಒಮ್ಮೆಲೇ ತೆರೆದುಕೊಳ್ಳುತ್ತದೆ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲುಗಳು ಸಾಲುಸಾಲಾಗಿ ನೀರಿಗೆ ಇಳಿಯುತ್ತವೆ. ಅಂಚಿನಲ್ಲಿ ಚಿಕ್ಕ ಚಿಕ್ಕ ಮಂಟಪಗಳು. ನಡು ನೀರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಎದ್ದ ವಸಂತ ಮಂಟಪ. ಒಂದು ಬದಿಯಲ್ಲಿ ಕಮಾನುಗಳ ಮುಸಾಫಿರ್ ಖಾನೆ. ಪುಷ್ಕರಣಿ ಕಟ್ಟಿಸಿದ್ದು ಇಲ್ಲಿಯ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ, 16ನೇ ಶತಮಾನದಲ್ಲಿ. ಇಲ್ಲಿದ್ದ ದೇವಾಲಯವನ್ನು ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಕೆಡವಿ ಮುಸಾಫಿರ್ ಖಾನೆ ಎಬ್ಬಿಸಿದ ಎಂದು ಸ್ಥಳದ ಇತಿಹಾಸ ಹೇಳುತ್ತದೆ.

ಸಂಜೆ ಗಾಳಿ ನಿಂತ ಹೊತ್ತಿನಲ್ಲಿ ಆ ಮೆಟ್ಟಿಲ ಮೇಲೆ ಕೂತು ನೋಡಬೇಕು. ವಸಂತ ಮಂಟಪ ಒಂದು ಮೇಲೆ, ತಲೆಕೆಳಗಾಗಿ ಇನ್ನೊಂದು ಕೆಳಗೆ. ಮುಸಾಫಿರ್ ಖಾನೆಯ ಕಮಾನುಗಳೂ ಅದೇ ನೀರಿನಲ್ಲಿ ಮೂಡುತ್ತವೆ. ಜಗಳವಾಡಿದ ಇಬ್ಬರ ಕಟ್ಟಡಗಳನ್ನು ಒಂದೇ ನೀರು ಹೊತ್ತುಕೊಂಡಿದೆ. ಆ ಪುಷ್ಕರಣಿ ಒಣಗಿ ನಿಂತಿತು ಎಂದುಕೊಳ್ಳಿ. ಮಂಟಪದ ಒಂದು ಕಲ್ಲೂ ಬಿದ್ದಿರುವುದಿಲ್ಲ, ಕೆತ್ತನೆ ಎಲ್ಲ ಹಾಗೆಯೇ ಇರುತ್ತದೆ. ಆದರೂ ಅರ್ಧ ಸ್ಮಾರಕ ಇಲ್ಲವಾಗಿರುತ್ತದೆ. ಕಟ್ಟಿದ ಶಿಲ್ಪಿ ಕಲ್ಲಿನಷ್ಟೇ ನೀರನ್ನೂ ಲೆಕ್ಕಕ್ಕೆ ಹಿಡಿದೇ ಅದನ್ನು ರೂಪಿಸಿದ್ದಾನೆ.

ವಿಜಯಪುರದ ತಾಜ್ ಬಾವಡಿಯೂ ಹೆಸರಿನ ನೀರೇ. ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಳ ಗೌರವಕ್ಕೆ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ ಬಾವಿ. ಎರಡು ಬುರುಜುಗಳ ನಡುವೆ ಒಂದು ದೊಡ್ಡ ಕಮಾನು, ಅದರ ಒಳಗಿಂದ ಇಳಿದರೆ ಚೌಕಾಕಾರದ ನೀರು. ರಾಣಿಯ ಹೆಸರನ್ನು ಊರಿನ ಬಾಯಾರಿಕೆಯ ಜೊತೆ ಕಟ್ಟಿಬಿಟ್ಟರು. ಊರಿಗೆ ನಲ್ಲಿ ಬಂದ ಮೇಲೆ ಬಾವಡಿಯ ಕಡೆ ನೋಡುವವರು ಕಡಿಮೆಯಾದರು, ಕಸ ಸೇರಿತು, ಹೂಳು ತುಂಬಿತು. ಇತ್ತೀಚಿನ ವರ್ಷಗಳಲ್ಲಿ ವಿಜಯಪುರದ ಹಳೆಯ ಬಾವಡಿಗಳ ಹೂಳೆತ್ತಿದಾಗ ತಾಜ್ ಬಾವಡಿಯಲ್ಲೂ ಮತ್ತೆ ತಿಳಿನೀರು ಕಂಡಿತು. ಹೂಳು ತೆಗೆದವರು ಕೆರೆಕೆಲಸ ಮಾಡಿದರೋ ಪರಂಪರೆಯ ಕೆಲಸ ಮಾಡಿದರೋ? ಅಲ್ಲಿ ಎರಡೂ ಒಂದೇ.

ಕಾರಂಜಿಯ ಮಾತಿಗೆ ಬಂದರೆ ಈ ಜವಾಬ್ದಾರಿ ಇನ್ನೂ ಸೂಕ್ಷ್ಮ. ಕಣ್ಣಿಗೆ ಕಾಣುವ ಬೋಗುಣಿ, ಬೊಂಬೆ, ಹೂಬಳ್ಳಿ ಅದರ ಒಂದು ಭಾಗ. ಇನ್ನೊಂದು ಭಾಗ ನೆಲದೊಳಗಿದೆ. ವಿದ್ಯುತ್ ಪಂಪ್ ಬರುವ ಮೊದಲು ಕಾರಂಜಿ ಚಿಮ್ಮುತ್ತಿದ್ದುದು ಎತ್ತರದ ಬಲದಿಂದ. ಮೇಲಿನ ತೊಟ್ಟಿಯಲ್ಲೋ ಕೆರೆಯಲ್ಲೋ ನಿಂತ ನೀರು ಕೊಳವೆಯಲ್ಲಿ ಇಳಿದು ಬಂದು, ಕಿರಿದಾದ ಬಾಯಿ ಸಿಕ್ಕಾಗ ತಾನು ಹೊರಟ ಮಟ್ಟದ ಕಡೆಗೇ ಏಳುತ್ತದೆ. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋದಷ್ಟು ಒತ್ತಡ ಹಾಕುತ್ತದೆ. ಕೊಳವೆಯ ಮೈಗೆ ಉಜ್ಜಿ ಒಂದಷ್ಟು ಬಲ ಕಳೆದು, ಉಳಿದದ್ದು ಮೇಲೆ ಹಾರುತ್ತದೆ. ವಿಜಯಪುರದ ಹತ್ತಿರದ ಕುಮಟಗಿಯಲ್ಲಿ ಆದಿಲ್ ಶಾಹಿಗಳ ವಿಹಾರ ಮಂಟಪಗಳಿವೆ. ಅಲ್ಲಿ ಕೆರೆಯ ನೀರನ್ನು ಎತ್ತರಕ್ಕೆ ತಂದು ಕೊಳವೆಗಳಲ್ಲಿ ಹಾಯಿಸಿ, ಚಾವಣಿಯಿಂದ ಮಳೆಯಂತೆ ಸುರಿಯುವ ಹಾಗೆ ಮಾಡಿದ್ದರು. ಆ ಕಾಲದ ಕೆಲಸಗಾರನ ಜಾಣತನ ಇರುವುದು ಗೋಡೆಯ ಒಳಗಿನ ಆ ಕೊಳವೆಗಳಲ್ಲಿ. ಗೋಡೆಗೆ ಸುಣ್ಣ ಬಳಿದು ಕೊಳವೆಯನ್ನು ಸಿಮೆಂಟಿನಿಂದ ಮುಚ್ಚಿದರೆ ಅವನ ಕೈಬರಹವನ್ನೇ ಅಳಿಸಿದಂತೆ.

19ನೇ ಶತಮಾನದಲ್ಲಿ ಈ ಕಲೆ ಕಾರ್ಖಾನೆಗೆ ಹೋಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿ ಇತ್ತು. ಎರಕದ ಕಬ್ಬಿಣದ ಕಂಬ, ಕಟಕಟೆ, ಕಾರಂಜಿಗಳನ್ನು ಚಿತ್ರಸಮೇತ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿ ಜಗತ್ತಿಗೆಲ್ಲ ಮಾರುತ್ತಿದ್ದ ಕಾರ್ಖಾನೆ ಅದು. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗ್ ಗಾಜಿನ ಮನೆಯ ಕಬ್ಬಿಣ ಬಂದದ್ದೂ ಅಲ್ಲಿಂದಲೇ. ಆ ಗಾಜಿನ ಮನೆಯನ್ನು ಮಾದರಿಯಾಗಿಟ್ಟುಕೊಂಡು ನಮ್ಮ ದಾವಣಗೆರೆಯಲ್ಲೂ ಒಂದು ಗಾಜಿನ ಮನೆ ಎದ್ದಿದೆ. ಎಲ್ಲಿಯ ಗ್ಲಾಸ್ಗೊ, ಎಲ್ಲಿಯ ದಾವಣಗೆರೆ!

ಅದೇ ಗ್ಲಾಸ್ಗೊದ ಕೆಲ್ವಿನ್‌ಗ್ರೋವ್ ಉದ್ಯಾನದಲ್ಲಿ 1872ರ ಒಂದು ಕಾರಂಜಿಯಿದೆ, ಸ್ಟುವರ್ಟ್ ಸ್ಮಾರಕ ಕಾರಂಜಿ. ರಾಬರ್ಟ್ ಸ್ಟುವರ್ಟ್ ಆ ನಗರದ ಮೇಯರ್ ಆಗಿದ್ದವರು. ದೂರದ ಬೆಟ್ಟಸೀಮೆಯ ಕ್ಯಾಟ್ರಿನ್ ಸರೋವರದಿಂದ ಇಳಿಜಾರಿನಲ್ಲೇ ನೀರು ಹರಿಸಿ ನಗರಕ್ಕೆ ತರುವ ಯೋಜನೆಗೆ ಪಟ್ಟು ಹಿಡಿದು ನಿಂತವರು. 1859ರಲ್ಲಿ ಆ ನೀರು ಊರಿಗೆ ಬಂತು. ನೀರು ತಂದವರ ನೆನಪಿಗೆ ಊರು ನೀರನ್ನೇ ಚಿಮ್ಮಿಸಿತು. ನಮ್ಮಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಬೆಂಗಳೂರಿಗೆ ಅರ್ಕಾವತಿಯ ನೀರು ಬಂತು. ಅವರ ಪ್ರತಿಮೆಯೂ ಅವರ ಹೆಸರಿನ ಗ್ರಂಥಾಲಯವೂ ಕಬ್ಬನ್ ಪಾರ್ಕಿನಲ್ಲಿವೆ. ಆ ಗ್ರಂಥಾಲಯಕ್ಕೆ ಓದುಗರು ಇಂದಿಗೂ ಬರುತ್ತಾರೆ, ಅಂದರೆ ಅಲ್ಲಿಯ ಗಡಿಗೆ ತುಂಬಿದೆ.

ಮುಂಬೈಯ ಫ್ಲೋರಾ ಫೌಂಟನ್ ಕಥೆ ಇನ್ನೊಂದು ಪಾಠ. 1864ರ ಆ ಕಾರಂಜಿಯನ್ನು ಮೊದಲು ಇಡಬೇಕೆಂದಿದ್ದುದು ಬೈಕುಲ್ಲಾದ ವಿಕ್ಟೋರಿಯಾ ಉದ್ಯಾನದಲ್ಲಿ. ಕೊನೆಗೆ ನಿಂತದ್ದು ಹಳೆಯ ಕೋಟೆಯ ಚರ್ಚ್‌ಗೇಟ್ ಇದ್ದ ಜಾಗದಲ್ಲಿ. ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಕಡೆದ ಅದರ ಮೈಗೆ ಕಾಲಾನಂತರದಲ್ಲಿ ಬಣ್ಣ ಬಳಿದರು, ಬಣ್ಣದ ಮೇಲೆ ಬಣ್ಣ ಕೂತಿತು. ದುರಸ್ತಿಗೆ ಇಳಿದವರು ಪದರಗಳನ್ನು ಬಿಡಿಸಿ ಕಲ್ಲನ್ನು ಹೊರತೆಗೆದರು, ನೀರಿನ ಏರ್ಪಾಡನ್ನೂ ಸರಿಪಡಿಸಿದರು. 2019ರಲ್ಲಿ ಕಾರಂಜಿ ಮತ್ತೆ ಜನರ ಮುಂದೆ ಹರಿಯಿತು. ಅದರ ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಹುತಾತ್ಮ ಸ್ಮಾರಕವಿದೆ, ಚೌಕದ ಹೆಸರೂ ಹುತಾತ್ಮ ಚೌಕ. ಹಳೆಯದನ್ನು ಉಳಿಸಿಕೊಂಡರೆ ನಮ್ಮವರ ನೆನಪಿಗೆ ಜಾಗ ಕಡಿಮೆಯಾಗುವುದಿಲ್ಲ ಎನ್ನುವುದಕ್ಕೆ ಆ ಚೌಕವೇ ಸಾಕ್ಷಿ.

ಕಾನೂನು ಏನು ಹೇಳುತ್ತದೆ? ಕೇಂದ್ರದ 1958ರ ಸ್ಮಾರಕ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಕರ್ನಾಟಕಕ್ಕೂ 1961ರ ಕಾಯ್ದೆಯಿದೆ. ದೊಡ್ಡ ಗುಡಿ, ಕೋಟೆ, ಗುಮ್ಮಟಗಳು ಪಟ್ಟಿ ಸೇರುತ್ತವೆ. ಪಾರ್ಕಿನ ಮೂಲೆಯ ಕಾರಂಜಿ, ಸಂತೆಮಾಳದ ಕುಡಿಯುವ ನೀರಿನ ಕಲ್ಲುತೊಟ್ಟಿ, ಎತ್ತುಗಳಿಗೆಂದು ಯಾರೋ ಕಟ್ಟಿಸಿದ ನೀರಿನ ಬಾನಿ ಯಾವ ಪಟ್ಟಿಗೂ ಸೇರದೆ ಉಳಿದುಬಿಡುತ್ತವೆ. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಅವೇ. ಸಂವಿಧಾನದ 51ಎ ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ನಾಗರಿಕನ ಕರ್ತವ್ಯಗಳಲ್ಲಿ ಸೇರಿಸಿದೆ. ಪಟ್ಟಿಗೆ ಸೇರದ ಇಂಥವುಗಳಿಗೆ ಕಾವಲುಗಾರರು ನಾವೇ.

ನಮ್ಮ ಊರಿನಲ್ಲೇ ಹುಡುಕಿದರೆ ಏನೆಲ್ಲ ಸಿಗಬಹುದು! ಹೊಂಡದ ಸರ್ಕಲ್ ಎಂದು ಆಟೊದವರಿಗೆ ಹೇಳಿ ಹತ್ತುತ್ತೇವೆ, ಹೆಸರಿನಲ್ಲೇ ನೀರಿದೆ. ದಾವಣಗೆರೆ ಎನ್ನುವ ಹೆಸರಿನ ಕೊನೆಯಲ್ಲೇ ಒಂದು ಕೆರೆ ಕೂತಿದೆ. ಹರಿಹರಕ್ಕೆ ಹೋದರೆ 1224ರ ಸುಮಾರಿಗೆ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ, ಅದರ ಹತ್ತಿರವೇ ತುಂಗಭದ್ರೆ. ನದಿಯಿಂದ ಎತ್ತಿದ ನೀರೇ ನಮ್ಮ ಮನೆಯ ನಲ್ಲಿಗೂ ಬರುವುದು. ಬಸ್ ನಿಲ್ದಾಣದಲ್ಲಿ, ಶಾಲೆಯ ಅಂಗಳದಲ್ಲಿ, ದೇವಸ್ಥಾನದ ಪಕ್ಕದಲ್ಲಿ ದಾನಿಗಳ ಹೆಸರು ಹೊತ್ತ ತಣ್ಣೀರಿನ ಯಂತ್ರಗಳನ್ನು ನೋಡಿದ್ದೇವೆ. 'ತಂದೆಯವರ ಸ್ಮರಣಾರ್ಥ', 'ತಾಯಿಯವರ ಪುಣ್ಯಸ್ಮರಣೆಗಾಗಿ'. ನಮ್ಮ ಕಾಲದ ಸ್ಮಾರಕ ಕಾರಂಜಿಗಳು ಅವು. ನಲ್ಲಿ ತಿರುಗಿಸಿದಾಗ ಗಾಳಿ ಮಾತ್ರ ಬಂದರೆ, ಆ ಹೆಸರಿನ ಕಡೆ ನೋಡಲು ನನಗೆ ಸಂಕಟವಾಗುತ್ತದೆ.

ಆದ್ದರಿಂದ ಹಳೆಯ ಕಾರಂಜಿಯನ್ನು ಉಳಿಸುತ್ತೇವೆ ಎಂದು ಹೊರಡುವವರಿಗೆ ನನ್ನ ಕೋರಿಕೆ ಇಷ್ಟೆ. ಬಣ್ಣದ ಡಬ್ಬಿ ತೆರೆಯುವ ಮೊದಲು ನೀರಿನ ದಾರಿ ಹುಡುಕಿ. ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು, ಎಲ್ಲಿ ಕಟ್ಟಿದೆ ಎಂದು ಹಳೆಯ ಪ್ಲಂಬರ್‌ಗಳನ್ನು, ತೋಟದ ಮಾಲಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ನೀರಿಗೆ ಕೊರತೆಯಿರುವ ಊರಿನಲ್ಲಿ ದಿನವಿಡೀ ಚಿಮ್ಮಿಸಬೇಕೆಂದೇನಿಲ್ಲ. ಅದೇ ನೀರನ್ನು ಸೋಸಿ ಮತ್ತೆ ತಿರುಗಿಸಬಹುದು, ಸಂಜೆ ಒಂದು ಗಂಟೆ ಹರಿದರೂ ಸಾಕು. ಬದಿಯಲ್ಲಿ ಕುಡಿಯುವ ನೀರಿನ ಒಂದು ನಲ್ಲಿ ಇರಲಿ. ಯಾರ ನೆನಪಿಗೆ, ಯಾವ ವರ್ಷ, ಯಾರ ಹಣದಲ್ಲಿ ಎನ್ನುವುದು ಮಕ್ಕಳು ಓದುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿರಲಿ.

ಆಡಮ್ ಯಾರು ಎಂಬುದನ್ನು ಹುಡುಕಿ ಓದಿ ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಗವರ್ನರನ ಕಥೆಗಿಂತ ಮುತ್ತಜ್ಜಿಯ ತಗಡಿನ ಬೋರ್ಡಿನ ಕಥೆಯೇ ಹಿಡಿಸಿತು. ಬೋರ್ಡು ಇನ್ನೂ ಇದೆಯೇ ಎಂದು ಕೇಳಿದಳು. ಅಟ್ಟದ ಮೇಲೆ ಹಳೆಯ ಕೊಡೆಗಳ ಹಿಂದೆ ಸಿಕ್ಕಿತು. ಅಂಚು ತುಕ್ಕು ಹಿಡಿದಿದೆ, ಅಪ್ಪನ ಹೆಸರಿನ ಮೊದಲ ಅಕ್ಷರದ ಬಣ್ಣ ಎದ್ದಿದೆ. ಈ ಬೇಸಿಗೆಗೆ ನಮ್ಮ ಮನೆಯ ಗೇಟಿನ ಹೊರಗೆ ಎರಡು ಗಡಿಗೆ ಇಡುತ್ತಿದ್ದೇವೆ. ನೀರು ನೋಡಿಕೊಳ್ಳುವ ಕೆಲಸ ಅವಳದು. ನಿನ್ನೆ ಸಂಜೆ ಬೋರ್ಡನ್ನು ಗೇಟಿಗೆ ಕಟ್ಟಿದೆವು. ಗಡಿಗೆಗಳು ಕುಂಬಾರರ ಮನೆಯಿಂದ ಇನ್ನೂ ಬಂದಿರಲಿಲ್ಲ. ನಾನು ತಂತಿ ಬಿಗಿದು ಹಿಂದೆ ಸರಿದು ನೋಡುವಷ್ಟರಲ್ಲಿ ಅವಳು ಅದನ್ನು ಗೋಡೆಯ ಕಡೆ ತಿರುಗಿಸಿದ್ದಳು.